ಒಳಗಿನ ಪಟ್ಟಿ, ಹೊರಗಿನ ಪಟ್ಟಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ. ಅದರಲ್ಲಿ ಅರ್ಧ ಉಸಿರು ಒಂದೇ ಅಕ್ಷರಕ್ಕೆ ಖರ್ಚಾಯಿತು. ಹ. ನಮ್ಮ ಸೀಮೆಯ ಮಕ್ಕಳ ಬಾಯಲ್ಲಿ ಅದು ನಿಲ್ಲುವುದೇ ಇಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಜಿಲ್ಲೆಯ ಹೆಸರೇ ಆಸನವಾಗುತ್ತದೆ. ನಾನಿರುವ ಹೊಳೇನರಸೀಪುರವನ್ನು ಬಸ್ಸಿನ ಕಂಡಕ್ಟರುಗಳು ‘ಒಳೆನರ್ಸೀಪುರ, ಒಳೆನರ್ಸೀಪುರ’ ಎಂದು ಕೂಗುವಾಗ ಕಿಟಕಿಯಿಂದ ತಲೆ ಹಾಕಿ ತಿದ್ದಬೇಕು ಅನ್ನಿಸಿದ್ದುಂಟು. ಒಂದೆರಡು ಸಲ ತಿದ್ದಿಯೂ ಇದ್ದೇನೆ. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿಲ್ಲ. ಆ ಚಟ ನನ್ನ ಮನೆಯಲ್ಲೇ ಮಾಡಿದ ಒಂದು ಎಡವಟ್ಟಿನ ವಿಷಯ ಇದು. ಹಳೇ ಕಾರೊಂದರ ಕ್ರೋಮ್ ಪಟ್ಟಿಗಳನ್ನು ಬಿಚ್ಚದೇ ಹೋಗಿದ್ದರೆ ಅದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನನ್ನ ಗಂಡನೂ ಹಕಾರವಿಲ್ಲದ ಮನೆಯಿಂದಲೇ ಬಂದವರು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರದ ಬೇಸಾಯದ ಕುಟುಂಬ. ಇವರು ಓದು ಪಿಯುಸಿಗೆ ನಿಲ್ಲಿಸಿ, ಮೋಟಾರ್ ರಿವೈಂಡಿಂಗ್ ಕಲಿತು, ಹೊಳೇನರಸೀಪುರದ ಪೇಟೆಯಲ್ಲಿ ಅಂಗಡಿ ಇಟ್ಟರು. ಸುಟ್ಟುಹೋದ ಪಂಪ್‌ಸೆಟ್ಟು ಬಿಚ್ಚಿ, ಒಳಗಿನ ತಾಮ್ರದ ತಂತಿ ತೆಗೆದು, ಹೊಸದು ಸುತ್ತಿ ಕೊಡುವ ಕೆಲಸ. ಮದುವೆಯಾದ ಹೊಸತರಲ್ಲಿ ನನ್ನ ಸ್ಕೂಲಿನ ಟೀಚರುಗಳು ಮನೆಗೆ ಬಂದಾಗ ಇವರು ‘ಒರಗಡೆ ಯಾಕ್ ನಿಂತಿದೀರಿ, ಬನ್ನಿ’ ಅಂದರು. ನಾನು ಅವರೆಲ್ಲರ ಮುಂದೆಯೇ ‘ಹೊರಗಡೆ’ ಎಂದು ತಿದ್ದಿದೆ. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವರು ನಕ್ಕು, ‘ಆಯ್ತು ಮೇಷ್ಟ್ರಮ್ಮ, ಹೊರಗಡೆ’ ಎಂದು ಹಕಾರವನ್ನು ಹೊಟ್ಟೆಯ ಆಳದಿಂದ ಎಳೆದು ಹೇಳಿದರು.

ಆಮೇಲೆ ನನ್ನೆದುರಿಗೆ ಜಾಗ್ರತೆಯಾಗಿರತೊಡಗಿದರು. ಹತ್ತು ಹದಿನೈದು ವರ್ಷದಲ್ಲಿ ಪೂರ್ತಿ ಪಳಗಿದರು. ನನ್ನ ಜೊತೆ ಮಾತಾಡುವಾಗ ಹಾಲು, ಹೋಗು, ಹೊರಗೆ ಎಲ್ಲವೂ ಸ್ವಚ್ಛ. ಊರಿನಿಂದ ತಮ್ಮನ ಫೋನು ಬಂದರೆ ಮಾತ್ರ ‘ಎಲ್ಲಿಗ್ ಓಗಿದ್ಯಲಾ’ ಎಂದು ಮತ್ತೆ ಹಳೇ ದಾರಿಗೆ ಬೀಳುತ್ತಿದ್ದರು. ಉತ್ಸಾಹ ಹೆಚ್ಚಾದಾಗಲೂ ಜಾರುತ್ತಿದ್ದರು. ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಪ್ರತಿವರ್ಷ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ಸಂಗೀತ ಅಷ್ಟಕ್ಕಷ್ಟೆ. ‘ನೀ ಒಳೀಕೋಗು, ನಾ ಒರಗಿರ್ತೀನಿ’ ಅಂದರು ಒಂದು ಸಲ. ‘ಒರಗಿರ್ತೀರಾ? ಯಾವ ಗೋಡೆಗೆ?’ ಎಂದು ನಾನು ಕೊಂಕು ತೆಗೆದೆ. ‘ಕಾರಿಗೆ’ ಅಂದರು. ಕಚೇರಿ ಮುಗಿಸಿ ಬಂದರೆ ನಿಜವಾಗಿಯೂ ಕಾರಿಗೆ ಒರಗಿಕೊಂಡು, ಯಾರದೋ ಟ್ರ್ಯಾಕ್ಟರಿನ ಡ್ರೈವರ್ ಜೊತೆ ಮಾತಾಡುತ್ತಾ ನಿಂತಿದ್ದರು. ಮದುವೆಮನೆಗೆ ಹೋದರೂ ಅಷ್ಟೇ, ಊಟದ ಹೊತ್ತಿಗೆ ಕರೆದರೆ ಮಾತ್ರ ಒಳಗೆ. ಛಾವಣಿ ಕೆಳಗೆ ಒಂದು ಗಂಟೆ ಕೂತರೆ ಅವರಿಗೆ ಮೈಮೇಲೆ ಇರುವೆ ಹರಿದ ಹಾಗಾಗುತ್ತಿತ್ತು.

ಆ ಕಾರು ಒಂದು ಅಂಬಾಸಿಡರ್. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರೊಬ್ಬರ ಹತ್ತಿರ ಇದ್ದದ್ದು, ಇವರ ಕೈಗೆ ಬರುವಾಗಲೇ ಹಳತಾಗಿತ್ತು. ಅದರಲ್ಲಿ ಇವರಿಗೆ ಮೋಹ ಇದ್ದದ್ದು ಕ್ರೋಮಿನ ಮೇಲೆ. ಕಿಟಕಿಯ ಗಾಜು ಬಾಗಿಲಿನೊಳಗೆ ಇಳಿಯುವ ಸಂದಿಯ ಉದ್ದಕ್ಕೂ ಹೊರಮೈಯಲ್ಲಿ ಒಂದು ಹೊಳೆಯುವ ಪಟ್ಟಿ ಇರುತ್ತದೆ. ಬಾಗಿಲಿನ ನಡುಮೈಗೆ, ಮಳೆನೀರು ಇಳಿಯುವ ಅಂಚಿಗೆ ಬೇರೆ ಬೇರೆ ಪಟ್ಟಿಗಳು. ಗ್ಯಾರೇಜಿನವರು ಎಲ್ಲಕ್ಕೂ ಸೇರಿಸಿ ಬೀಡಿಂಗ್ ಅನ್ನುತ್ತಾರೆ. ಇವರು ಅಷ್ಟಕ್ಕೇ ಬಿಡಲಿಲ್ಲ. ಹಾಸನದಲ್ಲಿ ಯಾರಿಗೋ ಹೇಳಿ ಮಾಡಿಸಿ, ಕಿಟಕಿಯ ಒಳಗಡೆಗೂ ಅದೇ ಥರದ ಪಟ್ಟಿ ಹಾಕಿಸಿದರು. ‘ಒಳಗೆ ಕೂತೋರಿಗೂ ಹೊಳೀಬೇಕಲ್ವಾ’ ಅಂದರು. ಮಧ್ಯಾಹ್ನದ ಬಿಸಿಲಿಗೆ ಆ ಪಟ್ಟಿ ಕಣ್ಣಿಗೆ ಚುಚ್ಚಿ ನಾನು ಬೈದುಕೊಳ್ಳುತ್ತಿದ್ದೆ.

ಹೋದ ವರ್ಷ ಯುಗಾದಿಯ ಹಿಂದಿನ ವಾರ ಅಂಗಡಿಯಲ್ಲಿ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯುವಷ್ಟಕ್ಕೆ ಉಳಿಯಿತು. ಮಾತು ಹೋಯಿತು. ಪೂರ್ತಿ ಅಲ್ಲ. ‘ಊಂ’ ಇತ್ತು, ‘ಬಾ’ ಇತ್ತು, ‘ಬ್ಯಾಡ’ ಅನ್ನುವುದಂತೂ ಗಟ್ಟಿಯಾಗಿಯೇ ಇತ್ತು. ಇನ್ನೊಂದು ‘ಒ…ಗೆ’. ನಡುವಿನ ಅಕ್ಷರ ನಾಲಗೆಗೆ ಸಿಗದೆ ಗಂಟಲಲ್ಲೇ ಉರುಳಿಹೋಗುತ್ತಿತ್ತು. ಪತ್ರಿಕೆ ಹಿಡಿಸಿದರೆ ಅಕ್ಷರ ಕಾಣುತ್ತಿತ್ತು, ಒಂದಕ್ಕೊಂದು ಕೂಡುತ್ತಿರಲಿಲ್ಲ. ಡಾಕ್ಟರು, ‘ಎಷ್ಟು ಅರ್ಥವಾಗ್ತಿದೆ ಅಂತ ಈಗಲೇ ಹೇಳಕ್ಕಾಗಲ್ಲಮ್ಮ, ಮನೇಲಿ ನೀವೇ ಗಮನಿಸಿ’ ಅಂದರು. ಗಮನಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡು ಮನೆಗೆ ಬಂದೆ.

ಗಮನಿಸಿದಷ್ಟೂ ತಲೆ ಕೆಟ್ಟಿತು. ಸಂಜೆ ಹೊತ್ತು ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಐದು ನಿಮಿಷ ಆಗುವಷ್ಟರಲ್ಲಿ ‘ಒ…ಗೆ, ಒ…ಗೆ’ ಎಂದು ಶುರು. ಸರಿ, ಸುಸ್ತಾಗಿರಬೇಕು ಅಂತ ಹೆಗಲು ಕೊಟ್ಟು ಎಬ್ಬಿಸಿ ಒಳಗೆ ತಂದು ಮಂಚದ ಮೇಲೆ ಕೂರಿಸುತ್ತಿದ್ದೆ. ಸೊಳ್ಳೆ ಬರುತ್ತದೆಂದು ಬಾಗಿಲೂ ಹಾಕುತ್ತಿದ್ದೆ. ಒಳಗೆ ಬಂದದ್ದೇ ತಡ, ಎಡಗೈಯಲ್ಲಿ ಮಂಚದ ಕಂಬಿಗೆ ಬಡಿಯುವುದು, ತಟ್ಟೆ ನೂಕುವುದು, ಕಣ್ಣಲ್ಲಿ ನೀರು. ಒಳಗೆ ಅಂತ ಕೇಳಿದ್ದು ಇವರೇ, ಕರೆತಂದರೆ ಸಿಟ್ಟು ಮಾಡುವುದೂ ಇವರೇ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ನನಗೂ ರೇಗುತ್ತಿತ್ತು. ‘ಏನು ಬೇಕು ಅಂತ ನಿಮಗೇ ಗೊತ್ತಿಲ್ಲ’ ಎಂದು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಆ ಆರು ತಿಂಗಳು ನನಗೆ ಬೇಕಾಗಿದ್ದದ್ದು ಒಂದೇ ಉತ್ತರ. ಇವರಿಗೆ ತಿಳಿಯುತ್ತಾ, ಇಲ್ಲವಾ? ಬೆಳಗ್ಗೆ ತಿಳಿಯುತ್ತೆ ಅನ್ನಿಸಿದರೆ ಸಂಜೆ ಇಲ್ಲ ಅನ್ನಿಸುತ್ತಿತ್ತು. ಮೈದುನ ಹದಿನೈದು ದಿನಕ್ಕೊಮ್ಮೆ ಮಲ್ಲಿಪಟ್ಟಣದಿಂದ ಬರುತ್ತಿದ್ದ. ಕೆಟ್ಟವನಲ್ಲ, ಅಣ್ಣನ ಮೇಲೆ ಪ್ರಾಣ. ಬಂದವನು ಅಣ್ಣನ ತಲೆಯ ಮೇಲಿಂದಲೇ ನನ್ನ ಜೊತೆ ಮಾತಾಡುತ್ತಿದ್ದ. ‘ಅತ್ಗೆ, ಅಣ್ಣನ್ನ ಊರಿಗೆ ಕರ್ಕಂಡೋಗ್ತೀನಿ. ನೀವೊಬ್ರೇ ಎಷ್ಟಂತ ಎತ್ತಿ ಇಳಿಸೀರಿ? ಅವನಿಗೆ ಏನೂ ತಿಳೀತಿಲ್ಲ, ಎಲ್ಲಿದ್ರೂ ಒಂದೇ ಕಣಿ’ ಅನ್ನುತ್ತಿದ್ದ. ಅದನ್ನು ಕೇಳಿದಾಗ ನನಗೆ ಬರುತ್ತಿದ್ದ ಸಿಟ್ಟಿನಲ್ಲಿ ಅರ್ಧ, ಅವನು ಹೇಳಿದ್ದು ನಿಜ ಇರಬಹುದು ಎಂಬ ಭಯ. ಸೊಂಟ ಬಿದ್ದುಹೋಗಿತ್ತು. ಒಂದೊಂದು ದಿನ ಹೂಂ ಅಂದುಬಿಡೋಣ ಅನ್ನಿಸುತ್ತಿತ್ತು.

ಗಣೇಶನ ಹಬ್ಬ ಮುಗಿದ ಮೇಲೆ ಒಂದು ಬೆಳಗ್ಗೆ ಕಾರಿನ ಪೇಂಟರು ಬಂದರು. ಅರಕಲಗೂಡಿನಲ್ಲಿ ಅವರ ಶೆಡ್ಡು. ಲಕ್ವ ಹೊಡೆಯುವ ಮೊದಲೇ ಇವರು ಕಾರಿಗೆ ಹೊಸ ಬಣ್ಣ ಹೊಡೆಸುತ್ತೇನೆ ಅಂತ ಮಾತು ಕೊಟ್ಟಿದ್ದರಂತೆ. ಈ ಪೇಂಟರು ನನ್ನ ಹಳೇ ವಿದ್ಯಾರ್ಥಿ. ಈಗ ತಲೆ ಅರ್ಧ ನರೆತಿದೆ. ಎಂಟನೇ ಕ್ಲಾಸಿನಲ್ಲಿ ‘ಹಾಸನ ಜಿಲ್ಲೆ’ ಎನ್ನಲು ಬರದೆ ‘ಆಸನ ಜಿಲ್ಲೆ’ ಅಂದಿದ್ದಕ್ಕೆ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗಲೂ ಆಸನವೇ.

ಕಾರು ಸುತ್ತಿ ನೋಡಿ ಅವರು, ‘ಮಿಸ್, ಬೀಡಿಂಗ್ ಬಿಚ್ಚದೆ ಬಣ್ಣ ಒಡುದ್ರೆ ಅಂಚಲ್ಲಿ ಸಿಪ್ಪೆ ಎದ್ಬುಡ್ತದೆ. ಬಿಚ್ಚಾಕೆ ನಂಗೆ ಭಯ. ಒಂದು ಬಗ್ಗೋದ್ರೆ ಇಂಥದ್ದು ಇನ್ನೊಂದು ಸಿಕ್ಕಲ್ಲ. ಅಣ್ಣಂಗೆ ಇದ್ರ ಒಂದೊಂದ್ ಕ್ಲಿಪ್ಪೂ ಗೊತ್ತು’ ಅಂದರು.

‘ಗೊತ್ತಿತ್ತು’ ಎಂದು ನಾನು ತಿದ್ದಿದೆ.

ಜಗುಲಿಯ ಮೇಲಿದ್ದ ನಮ್ಮವರು ಕಂಬ ಹಿಡಿದು ಎದ್ದು ನಿಂತರು. ಮೂಲೆಯ ಟೂಲ್ಸ್ ಡಬ್ಬಿಯ ಕಡೆಗೆ ಎಡಗೈ ಚಾಚಿ ‘ಬಾ’ ಅಂದರು. ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ‘ಕೈಗೆ ಅವರಿಗಿಷ್ಟವಾದ ಕೆಲಸ ಕೊಡಿ ಆಂಟಿ’ ಅಂದಿದ್ದು ನೆನಪಾಯಿತು. ಹಾಳಾದರೆ ಕಾರು ತಾನೇ, ಅಂದುಕೊಂಡೆ.

ಮಾರನೇ ದಿನದಿಂದ ಕೆಲಸ ಶುರುವಾಯಿತು. ಕಾರಿನ ಪಕ್ಕ ಸ್ಟೂಲು ಹಾಕಿ ಕೂರಿಸಿದೆ. ಚಪ್ಪಟೆ ಮೂತಿಯ ಸ್ಕ್ರೂಡ್ರೈವರು ತೆಗೆದುಕೊಟ್ಟೆ. ತಲೆ ಅಲ್ಲಾಡಿಸಿ, ನನ್ನ ಸೆರಗು ಹಿಡಿದು ಎಳೆದು, ಸ್ಕ್ರೂಡ್ರೈವರಿನ ಮೂತಿಗೆ ಸುತ್ತುವ ಹಾಗೆ ತೋರಿಸಿದರು. ಬಟ್ಟೆ ಬೇಕು ಅಂತ. ಹಳೇ ಪಂಚೆ ಹರಿದು ಸುತ್ತಿಕೊಟ್ಟೆ. ಪಟ್ಟಿಯ ಒಂದು ತುದಿಯ ಅಡಿಗೆ ಅದನ್ನು ತೂರಿಸಿ, ಕೂದಲೆಳೆಯಷ್ಟು ಎತ್ತಿ, ಆ ಸಂದಿಗೆ ಬಿದಿರಿನ ಸೀಳೊಂದನ್ನು ಕೊಟ್ಟು, ಮುಂದಿನ ಕ್ಲಿಪ್ಪಿಗೆ ಹೋಗುತ್ತಿದ್ದರು. ಅಲ್ಲೂ ಅಷ್ಟೇ ಎತ್ತುವುದು. ಯಾವ ಕ್ಲಿಪ್ಪಿನ ಹತ್ತಿರವೂ ಒಂದೇ ಸಲಕ್ಕೆ ಕಿತ್ತುಬಿಡುವ ಆಸೆ ಇಲ್ಲ. ತುಕ್ಕು ಹಿಡಿದ ಕಡೆ ನನ್ನ ಹಳೇ ಇಂಕ್ ಫಿಲ್ಲರಿನಲ್ಲಿ ಒಂದು ಹನಿ ಡೀಸೆಲ್ ಬಿಟ್ಟು ಕಾಯುವುದು. ಬಿಚ್ಚಿದ ಕ್ಲಿಪ್ಪುಗಳಿಗೆ ಬಾಗಿಲಿಗೊಂದರಂತೆ ತೆಂಗಿನ ಕರಟ ಇಟ್ಟಿದ್ದೆ. ನಾನೊಮ್ಮೆ ಸಹಾಯಕ್ಕೆ ಅಂತ ಇನ್ನೊಂದು ತುದಿ ಎಳೆದೆ. ‘ಬ್ಯಾಡ!’ ಎಂದು ಮೊಣಕೈಗೆ ಒಂದೇಟು ಕೊಟ್ಟರು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಏಟು, ಅದೂ ಒಂದು ತಗಡಿಗಾಗಿ. ನನಗೆ ನಗು ಬಂತು, ಅಳುವೂ ಬಂತು.

ಒಂದು ಪಟ್ಟಿಗೆ ಅರ್ಧ ದಿನ ಹಿಡಿಯುತ್ತಿತ್ತು. ನಾನು ಅಡುಗೆಮನೆಗೂ ಕಾರಿಗೂ ಓಡಾಡುತ್ತಿದ್ದೆ. ಬಿಚ್ಚಿದ್ದು ಯಾವ ಜಾಗದ್ದು ಅಂತ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಆಸ್ಪತ್ರೆಯಿಂದ ತಂದ ಪ್ಲಾಸ್ಟರ್ ಮನೆ ತುಂಬ ಬಿದ್ದಿತ್ತು. ಒಂದು ತುಂಡು ಅಂಟಿಸಿ, ಅದರ ಮೇಲೆ ನನ್ನ ಕೆಂಪು ಪೆನ್ನಿನಲ್ಲಿ ದುಂಡಗೆ ಬರೆಯುತ್ತಿದ್ದೆ. ಮೊದಲನೇ ದಿನವೇ ಒಂದು ತಕರಾರಾಯಿತು. ನಾನು ಕಾರಿನ ಮುಂದೆ ನಿಂತು, ನನ್ನ ಎಡಕ್ಕಿದ್ದ ಬಾಗಿಲಿನ ಪಟ್ಟಿಗೆ ‘ಎಡ’ ಎಂದು ಓದಿಕೊಂಡೇ ಬರೆದೆ. ಇವರು ‘ಬ್ಯಾಡ, ಬ್ಯಾಡ’ ಅಂದರು. ‘ಬಾ’ ಎಂದು ಹತ್ತಿರ ಕರೆದು, ಸ್ಟೂಲಿನಲ್ಲಿ ಕೂತೇ ನನ್ನ ಮಣಿಕಟ್ಟು ಹಿಡಿದು ಡ್ರೈವರ್ ಸೀಟಿನೊಳಗೆ ನೂಕಿದರು. ಕೂತು ನೋಡಿದರೆ ಆ ಬಾಗಿಲು ನನ್ನ ಬಲಕ್ಕಿದೆ! ಕಾರಿನ ಎಡಬಲ ಎದುರಿಗೆ ನಿಂತವರದಲ್ಲ, ಒಳಗೆ ಕೂತವರದು. ಅಷ್ಟು ಸಂತೋಷ ನನಗೆ ಆರು ತಿಂಗಳಲ್ಲಿ ಆಗಿರಲಿಲ್ಲ. ತಿಳಿಯುತ್ತೆ, ಎಲ್ಲಾ ತಿಳಿಯುತ್ತೆ ಎಂದು ಬೀದಿಗೆ ಕೇಳುವಂತೆ ಕೂಗಬೇಕು ಅನ್ನಿಸಿತು. ಮೈದುನನಿಗೆ ಫೋನ್ ಮಾಡಿದೆ. ಅವನು, ‘ಅದು ಕೈಗೆ ರೂಢಿ ಇರ್ತದೆ ಅತ್ಗೆ, ತಲೆಗಲ್ಲ’ ಅಂದ. ನನ್ನ ಸಂತೋಷದ ಗಾಳಿ ಅಲ್ಲೇ ಇಳಿದುಹೋಯಿತು.

ಆಮೇಲೆ ಕಿಟಕಿಯ ಪಟ್ಟಿಗಳ ಸರದಿ. ಬಾಗಿಲಿಗೆ ಒಳಗೊಂದು, ಹೊರಗೊಂದು, ನಾಲ್ಕು ಬಾಗಿಲಿಗೆ ಎಂಟು. ಎರಡೂ ಒಂದೇ ಉದ್ದ, ಒಂದೇ ಹೊಳಪು, ಹಿಂದೆ ಒಂದೇ ಥರದ ಕ್ಲಿಪ್ಪು. ಸಂಜೆ ನಾನು ಬೇಳೆ ಬೇಯಲಿಟ್ಟು ಬರುವಷ್ಟರಲ್ಲಿ ಗೋಣಿಚೀಲದ ಮೇಲೆ ಎರಡು ಪಟ್ಟಿ ಅಕ್ಕಪಕ್ಕ ಮಲಗಿರುತ್ತಿದ್ದವು. ‘ಯಾವುದು ಯಾವುದ್ರೀ?’ ಎಂದು ಕೇಳುತ್ತಿದ್ದೆ. ಇವರು ಒಂದನ್ನು ಎತ್ತಿ ನನ್ನ ಮುಂದೆ ಹಿಡಿದು ‘ಒ…ಗೆ’ ಅನ್ನುತ್ತಿದ್ದರು. ನಾನು ಅದಕ್ಕೆ ‘ಒಳ’ ಎಂದು ಬರೆದು, ಇನ್ನೊಂದಕ್ಕೆ ‘ಹೊರ’ ಎಂದು ಬರೆಯುತ್ತಿದ್ದೆ. ನಾಲ್ಕು ಬಾಗಿಲಿಗೂ ಹೀಗೇ ನಡೆಯಿತು. ಜೀವನವೆಲ್ಲ ಮಕ್ಕಳಿಗೆ ಉಕ್ತಲೇಖನ ಕೊಟ್ಟವಳು, ಈಗ ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೇನೆ ಎಂದು ಒಳಗೊಳಗೇ ಹಿಗ್ಗಿದೆ. ಬರೆದದ್ದನ್ನು ಅವರ ಮುಂದೆ ಹಿಡಿದು ‘ಸರಿ ತಾನೆ?’ ಎಂದರೆ ಅಕ್ಷರಗಳನ್ನು ಸುಮ್ಮನೆ ನೋಡುತ್ತಿದ್ದರು.

ಕಾರನ್ನು ಅರಕಲಗೂಡಿಗೆ ಎಳೆದುಕೊಂಡು ಹೋದರು. ಮೂರು ವಾರ ಅದು ಅಲ್ಲಿತ್ತು, ಪಟ್ಟಿಗಳು ಮಂಚದ ಕೆಳಗಿದ್ದವು. ಆ ನಡುವೆ ಮೈದುನ ಬಂದು ಮತ್ತೆ ಅದೇ ಮಾತು ತೆಗೆದ. ಅವತ್ತು ನಾನು ಹಟಕ್ಕೆ ಬಿದ್ದೆ. ‘ಕಾರು ಬರಲಿ. ನಿಮ್ಮಣ್ಣ ಹೇಳಿ ಬರೆಸಿದ ಹಾಗೆ ಪಟ್ಟಿ ಕೂತರೆ ಅವರು ಇಲ್ಲೇ ಇರ್ತಾರೆ. ಕೂರದೆ ಹೋದರೆ ನೀನು ಹೇಳಿದ ಹಾಗೆ ಊರಿಗೆ ಕಳಿಸ್ತೀನಿ’ ಎಂದೆ. ಗಂಡನ ತಲೆ ನೆಟ್ಟಗಿದೆಯೋ ಇಲ್ಲವೋ ಅಂತ ನೋಡಲು ನಾನೇ ಪರೀಕ್ಷೆ ಇಟ್ಟೆ. ಅವರು ಮಂಚದ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದರು. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ದೀಪಾವಳಿಗೆ ಮುಂಚೆ ಕಾರು ಬಂತು. ಹಾಲಿನ ಕೆನೆಯ ಬಣ್ಣ. ಪಟ್ಟಿ ಹಾಕಲು ಪೇಂಟರು ಜೊತೆಗೇ ಬಂದಿದ್ದರು. ಮೈದುನನನ್ನೂ ಬರಹೇಳಿದ್ದೆ. ನಡುಮೈಯ ಪಟ್ಟಿಗಳು ಚಕಚಕನೆ ಕೂತವು. ಎಡಬಲ ಒಂದೂ ತಪ್ಪಿರಲಿಲ್ಲ. ನಾನು ಮೈದುನನ ಕಡೆ ಹುಬ್ಬು ಹಾರಿಸಿ ನೋಡಿದೆ. ಆಮೇಲೆ ಪೇಂಟರು ಡ್ರೈವರ್ ಬಾಗಿಲಿನ ಕಿಟಕಿಯ ಪಟ್ಟಿ ತೆಗೆದುಕೊಂಡು, ‘ಬಲ, ಮುಂದೆ, ಒಳ’ ಎಂದು ಓದಿ ಒಳಗಡೆ ಒತ್ತಿದರು. ಎರಡು ತುದಿ ಕೂತವು, ನಡುಭಾಗ ಎದ್ದು ನಿಂತಿತು. ಅಂಗೈಯಿಂದ ಒತ್ತಿದರು, ಆಗಲಿಲ್ಲ. ‘ಹೊರ’ ಎಂದು ಬರೆದದ್ದನ್ನು ಹೊರಗಡೆ ಇಟ್ಟು ನೋಡಿದರು. ಅದು ತುದಿಯಲ್ಲಿ ಎದ್ದಿತು. ಹಿಂದಿನ ಬಾಗಿಲಿಗೆ ಹೋದರು, ಅಲ್ಲೂ ಅದೇ. ಆ ಕಡೆಯ ಎರಡರಲ್ಲೂ ಅದೇ. ಕೊನೆಗೆ ಒಂದನ್ನು ಅದಲುಬದಲು ಮಾಡಿ ಇಟ್ಟರು. ಟಕ್ ಎಂದು ಕೂತಿತು.

‘ಒರಗಿಂದು ಒಸಿ ಬಾಗೈತೆ ಮಿಸ್, ಬಾಗ್ಲು ಉಬ್ಬಿಗೆ ತಕ್ಕಂಗೆ. ಬರ್ದಿರೋದು ಉಲ್ಟಾ ಆಗದೆ’ ಅಂದರು.

‘ಎಷ್ಟು ಉಲ್ಟಾ?’ ಎಂದ ಮೈದುನ.

‘ಎಂಟೂವೆ.’

ಮೈದುನ ಗೆದ್ದವನ ಹಾಗೆ ಮಾತಾಡಲಿಲ್ಲ. ತಲೆ ತಗ್ಗಿಸಿ ಮೆತ್ತಗೆ, ‘ನೋಡಿ ಅತ್ಗೆ. ನಾನೇನು ಬೇಕಂತ ಏಳ್ತಿರ್ಲಿಲ್ಲ’ ಅಂದ. ಅವನು ಜಂಬ ಮಾಡಿದ್ದರೆ ನಾನು ಅವನ ಮೇಲೆ ಹಾರುತ್ತಿದ್ದೆ. ಮಾಡಲಿಲ್ಲವಾಗಿ ಸಿಟ್ಟಿಗೆ ಬೇರೆ ಜಾಗ ಬೇಕಾಯಿತು. ಗಂಡನ ಕಡೆಗೆ ತಿರುಗಿ, ‘ನಿಮ್ಮದೇ ಕಾರು, ನೀವೇ ಬಿಚ್ಚಿದ್ದು. ಒಳಗ್ಯಾವುದು ಹೊರಗ್ಯಾವುದು ಅಂತ ಕೂಡ ಗೊತ್ತಾಗಲ್ವೇನ್ರೀ ನಿಮಗೆ?’ ಎಂದು ಕಿರುಚಿದೆ. ಆ ಇಬ್ಬರ ಮುಂದೆಯೇ ಕಿರುಚಿದೆ.

ಇವರು ಸ್ಟೂಲಿನಿಂದ ಮುಂದಕ್ಕೆ ಬಾಗಿ, ಪೇಂಟರ ಕೈಯಲ್ಲಿದ್ದ ‘ಒಳ’ ಚೀಟಿಯ ಪಟ್ಟಿಯನ್ನು ಮುಟ್ಟಿ, ‘ಒ…ಗೆ! ಒ…ಗೆ!’ ಎಂದರು.

‘ಕೇಳಿದ್ರಾ? ಈಗಲೂ ಒಳಗೆ ಅಂತಿದ್ದಾರೆ’ ಎಂದೆ.

ಪೇಂಟರು ನನ್ನನ್ನೂ ಅವರನ್ನೂ ನೋಡಿ, ಸ್ಕೂಲಿನಲ್ಲಿ ಉತ್ತರ ಗೊತ್ತಿದ್ದೂ ಎದ್ದು ನಿಲ್ಲಲು ಹೆದರುವವರ ಥರ ಕೈಯಲ್ಲಿದ್ದ ಪಟ್ಟಿಯನ್ನು ಹಿಂದೆಮುಂದೆ ತಿರುಗಿಸಿದರು. ‘ಇಲ್ಲ ಮಿಸ್. ಅಣ್ಣ ಸರಿಯಾಗೇ ಏಳ್ತಾವ್ರೆ. ಒರಗೆ ಅಂತಾವ್ರೆ.’

‘ಅವರು ಹೊರಗೆ ಅನ್ನಬೇಕಾದರೆ ಹೊರಗೆ ಅಂತಾರಪ್ಪ, ನಾನು ಕೇಳಿಲ್ವಾ? ಹಕಾರ ಸ್ಪಷ್ಟವಾಗಿ ಬರುತ್ತೆ ಅವರಿಗೆ.’

‘ಅದು ನಿಮ್ ಮುಂದೆ ಮಿಸ್. ನಮ್ ಕಡೆ ಒಳಗೆ ಅಂತ ಯಾರಂತಾರೆ? ಒಳೀಕೆ ಅಂತೀವಿ. ಒಳೀಕ್ ಬಾ, ಒಳೀಕ್ ಓಗು. ಕೊನೇಲಿ ಗೆ ಅಂದ್ರೆ ಅದು ಒರಗೇನೇ.’

ನಾನು ಆ ಪಟ್ಟಿ ಕಿತ್ತುಕೊಂಡು ಬಾಗಿಲಿನ ಹೊರಮೈಗೆ ಹಿಡಿದೆ. ‘ಇಲ್ಲಿಗಾ?’ ಎಂದೆ. ‘ಊಂ’ ಅಂದರು. ಒಳಮೈಗೆ ಹಿಡಿದೆ. ‘ಬ್ಯಾಡ.’ ಇನ್ನೊಂದು ಬಾಗಿಲಿಗೆ ಹೋದೆ, ಮತ್ತೊಂದಕ್ಕೆ ಹೋದೆ. ಒಂದೇ ಒಂದು ಸಲವೂ ತಪ್ಪಲಿಲ್ಲ. ಮೈದುನ ಅಣ್ಣನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ‘ಅಣ್ಣಾ, ಎಲ್ಲಾ ತಿಳೀತಿತ್ತೇನಣ್ಣಾ ನಿಂಗೆ?’ ಅಂದ. ಲಕ್ವ ಹೊಡೆದ ಮೇಲೆ ಅವನು ಅಣ್ಣನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ ಅದು. ಇವರು ಅವನ ತಲೆಗೂದಲು ಹಿಡಿದು ಒಂದು ಸಲ ಅಲ್ಲಾಡಿಸಿ ಬಿಟ್ಟರು.

ಎಂಟಕ್ಕೆ ಎಂಟೂ ಉಲ್ಟಾ ಅಂದಾಗಲೇ ನನಗೆ ಹೊಳೆಯಬೇಕಿತ್ತು. ತಿಳಿಯದೆ ಬರೆಯುವ ಹುಡುಗ ನಾಲ್ಕು ಸರಿ ಬರೆಯುತ್ತಾನೆ, ನಾಲ್ಕು ತಪ್ಪು ಬರೆಯುತ್ತಾನೆ. ಇಡೀ ಕ್ಲಾಸಿಗೆ ಕ್ಲಾಸೇ ಒಂದು ತಪ್ಪನ್ನು ಒಂದೇ ಥರ ಮಾಡಿದ್ದರೆ ನಾವು ಸ್ಟಾಫ್ ರೂಮಿನಲ್ಲಿ ಮಕ್ಕಳನ್ನು ಬೈಯುತ್ತಿರಲಿಲ್ಲ, ಪಾಠ ಮಾಡಿದವರು ಯಾರು ಅಂತ ಕೇಳುತ್ತಿದ್ದೆವು. ನಾನು ಕಲಿಸಿದ ಹಕಾರವನ್ನು ಲಕ್ವ ಒಯ್ದಿತ್ತು, ಅವರಮ್ಮ ಕಲಿಸಿದ ಮಾತನ್ನು ಬಿಟ್ಟುಹೋಗಿತ್ತು. ಹ ಕೇಳಿಸಲಿಲ್ಲ ಅಂತ ನಾನು ಒಳಗೆ ಅಂತ ಬರೆದುಕೊಂಡೆ. ಬೆಂಚಿನ ಮೇಲೆ ನಿಂತವರಿಗೆ ಅದು ತಕ್ಷಣ ತಿಳಿಯಿತು, ನಿಲ್ಲಿಸಿದವಳಿಗೆ ತಿಳಿಯಲಿಲ್ಲ.

ಅವರೆಲ್ಲ ಊಟ ಮಾಡಿ ಹೊರಟ ಮೇಲೆ ಪಾತ್ರೆ ತೊಳೆಯಲು ಕೂತಿದ್ದೆ. ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಪಟ್ಟಿಯ ಮಾತು ಬಿಡಿ, ಅದನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಸಂಜೆಗಳು? ಯುಗಾದಿಯಿಂದ ದೀಪಾವಳಿವರೆಗಿನ ಸಂಜೆಗಳು? ಜಗುಲಿಯ ಕುರ್ಚಿಯಲ್ಲಿ ಕೂತು ಆ ಮನುಷ್ಯ ದಿನಾ ಹೊರಗೆ ಅಂದಿದ್ದರು. ಬೀದಿಗೆ ಕರೆದುಕೊಂಡು ಹೋಗು, ಕಾರಿನ ಹತ್ತಿರ ನಿಲ್ಲಿಸು ಅಂದಿದ್ದರು. ಆ ಒಂದು ಮಾತಿಗೆ ನಾನು ದಿನಾ ಅವರನ್ನು ಎತ್ತಿ ಒಳಗೆ ತಂದು ಬಾಗಿಲು ಹಾಕಿದ್ದೆ. ಕಂಬಿಗೆ ಬಡಿದದ್ದು, ತಟ್ಟೆ ನೂಕಿದ್ದು, ಅತ್ತಿದ್ದು ಎಲ್ಲಾ ಅದಕ್ಕೆ. ಏನು ಬೇಕು ಅಂತ ನಿಮಗೇ ಗೊತ್ತಿಲ್ಲ ಎಂದು ಬೈದಿದ್ದೆನಲ್ಲ. ನಾನು ಬಚ್ಚಲಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವರಿಗೆ ಕೇಳಿಸಿರಬೇಕು, ಎರಡು ಸಲ ‘ಬಾ’ ಎಂದು ಕರೆದರು.

ಸಂಜೆ ಎಂದಿನಂತೆ ಜಗುಲಿಯ ಮೇಲೆ ಕುರ್ಚಿ ಹಾಕಿದೆ. ನಾನೂ ಪಕ್ಕದಲ್ಲಿ ಕೂತೆ. ಐದು ನಿಮಿಷವಾಯಿತು. ‘ಒ…ಗೆ’ ಅಂದರು, ದನಿಯಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳದೆ.

ಹೊರಗಾ ಎಂದು ಬಾಯಿಗೆ ಬಂತು, ನುಂಗಿದೆ. ‘ಒರಗಾ ರೀ?’ ಎಂದೆ. ನನ್ನ ನಾಲಗೆಗೆ ಅದು ಹೊಸದು, ಕೇಳಲು ಚೆನ್ನಾಗಿರಲಿಲ್ಲ.

ಕತ್ತು ಪೂರ್ತಿ ತಿರುಗಿಸಿ ನನ್ನನ್ನು ನೋಡಿದರು. ‘ಊಂ’ ಅಂದರು. ಅವರ ಎಡಗೈ ನನ್ನ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಸಿದೆ. ಮೂರು ಮೆಟ್ಟಿಲಿಗೆ ಬಹಳ ಹೊತ್ತು ಹಿಡಿಯಿತು. ಕಾರಿನ ಹತ್ತಿರ ಬಂದಾಗ ನನ್ನ ಹೆಗಲು ಬಿಟ್ಟು, ಬಾಗಿಲಿನ ಹೊರಗಿನ ಪಟ್ಟಿಯ ಮೇಲೆ ಬೆರಳು ಸವರಿ, ಬಾನೆಟ್ಟಿಗೆ ಬೆನ್ನು ಕೊಟ್ಟು ಒರಗಿ ನಿಂತರು. ನಾನೂ ಪಕ್ಕದಲ್ಲಿ ಒರಗಿದೆ. ಬೀದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ಡೇರಿ ಕಡೆಗೆ ಹೋಗುತ್ತಿದ್ದವು. ಪರಿಚಯದವರೊಬ್ಬರು ನಿಂತು ‘ಎಂಗಿದೀರಣ್ಣ’ ಅಂದರು. ಇವರು ‘ಊಂ’ ಅಂದರು. ಎದುರು ಮನೆಯ ದೀಪ ಹತ್ತಿತು, ಸೊಳ್ಳೆ ಶುರುವಾಯಿತು.

‘ಒಳೀಕೆ ಓಗಾನಾ?’ ಎಂದು ಕೇಳಿದೆ.

‘ಬ್ಯಾಡ’ ಅಂದರು.

ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆವು.